ತಲೆಗೆ ಹೋಗುವ ಲಾಡಿಹುಳು: ಪ್ರಯಾಣ ಮುಗಿಸಿ ಬಂದವರಿಗೆ ಫಿಟ್ಸ್ ಬಂದರೆ ಏನು ಹುಡುಕಬೇಕು?

ಫಿಟ್ಸ್ ಬಂತು ಅಂದ್ರೆ ನಮ್ಮ ಬೀದಿಗಳಲ್ಲಿ ಮೊದಲು ಹುಡುಕೋದು ಡಾಕ್ಟರನ್ನಲ್ಲ, ಕಬ್ಬಿಣದ ಬೀಗದ ಕೈಯನ್ನು. ಎರಡನೆಯದಾಗಿ ಕಾರಣ ಹುಡುಕುತ್ತಾರೆ. "ಊರಿಗೆ ಹೋಗಿ ಬಂದಾಗಿಂದ ಹೀಗೆ, ಅಲ್ಲೇನೋ ತಗುಲಿಕೊಂಡಿದೆ" ಅಂತ ಒಬ್ಬರು, "ದೃಷ್ಟಿ ಆಗಿದೆ" ಅಂತ ಇನ್ನೊಬ್ಬರು. ದೃಷ್ಟಿಯ ಮಾತು ಬಿಡಿ. ಆದರೆ "ಬೇರೆ ಊರಲ್ಲಿ ಏನೋ ತಗುಲಿಕೊಂಡಿದೆ" ಎನ್ನುವ ಮಾತಿನಲ್ಲಿ ಕೆಲವು ಸಲ ಸತ್ಯ ಇರುತ್ತದೆ. ತಗುಲಿಕೊಂಡದ್ದು ಗಾಳಿ ಅಲ್ಲ, ಬಾಯಿಯ ಮೂಲಕ ಒಳಗೆ ಹೋದ ಒಂದು ಹುಳುವಿನ ಮೊಟ್ಟೆ. ಇದನ್ನು ಪತ್ತೆ ಹಚ್ಚಿದ ಕತೆಗೂ ನಮ್ಮ ದಂಡು ಪ್ರದೇಶಕ್ಕೂ ಹಳೆಯ ನಂಟಿದೆ.

1809ರಲ್ಲಿ ಬ್ರಿಟಿಷರು ತಮ್ಮ ಸೈನ್ಯವನ್ನು ಶ್ರೀರಂಗಪಟ್ಟಣದಿಂದ ಬೆಂಗಳೂರಿಗೆ ತಂದು ಹಲಸೂರಿನ ಹತ್ತಿರ ದಂಡು ಕಟ್ಟಿದರು. ಅಲ್ಲಿಂದ 1947ರವರೆಗೆ ಇಲ್ಲಿ ಗೋರಾ ಪಲ್ಟನ್ನುಗಳು ಬರುತ್ತಿದ್ದವು, ಕೆಲವು ವರ್ಷ ಇರುತ್ತಿದ್ದವು, ಹಡಗು ಹತ್ತಿ ವಾಪಸ್ ಹೋಗುತ್ತಿದ್ದವು. ದೇಶದ ಉದ್ದಕ್ಕೂ ಇಂಥ ದಂಡುಗಳು ಎಷ್ಟೋ ಇದ್ದವು. ಹೀಗೆ ಭಾರತದಲ್ಲಿ ಇದ್ದು ತಾಯ್ನಾಡಿಗೆ ಮರಳಿದ ಗಟ್ಟಿಮುಟ್ಟಾದ ಸಿಪಾಯಿಗಳಲ್ಲಿ ಕೆಲವರಿಗೆ ಇದ್ದಕ್ಕಿದ್ದಂತೆ ಫಿಟ್ಸ್ ಶುರುವಾಗುತ್ತಿತ್ತು. ಮನೆತನದಲ್ಲಿ ಯಾರಿಗೂ ಇಲ್ಲ, ತಲೆಗೆ ಪೆಟ್ಟು ಬಿದ್ದಿಲ್ಲ, ಸೈನ್ಯಕ್ಕೆ ಸೇರುವಾಗ ಮೈಯೆಲ್ಲಾ ಪರೀಕ್ಷೆ ಮಾಡಿಯೇ ತಗೊಂಡಿದ್ದಾರೆ. ಹಾಗಾದರೆ ಇದು ಎಲ್ಲಿಂದ ಬಂತು? ಕಾರಣ ಗೊತ್ತಿಲ್ಲದ ಮೂರ್ಛೆರೋಗ ಅಂತ ಬರೆದು ಕೆಲಸದಿಂದ ತೆಗೆಯುತ್ತಿದ್ದರು. ಕೆಲವರಿಗೆ ಮನಸ್ಸಿನ ಕಾಯಿಲೆ ಎಂಬ ಹೆಸರು ಸಿಕ್ಕಿತು.

ಬ್ರಿಟಿಷ್ ಸೇನೆಯ ವೈದ್ಯ ವಿಲಿಯಂ ಮ್ಯಾಕ್‌ಆರ್ಥರ್ ಇವರನ್ನು ಬೇರೆ ಥರ ನೋಡಿದರು. ಕೆಲವು ರೋಗಿಗಳ ಚರ್ಮದ ಕೆಳಗೆ ಬಟಾಣಿ ಗಾತ್ರದ, ನೋವಿಲ್ಲದ ಗಂಟುಗಳು ಕೈಗೆ ಸಿಗುತ್ತಿದ್ದವು. ಅಂಥ ಗಂಟನ್ನು ಕತ್ತರಿಸಿ ತೆಗೆದು ನೋಡಿದರೆ ಒಳಗೆ ಹಂದಿ ಲಾಡಿಹುಳುವಿನ ಮರಿ. ಡಾಕ್ಟರುಗಳು ಇದಕ್ಕೆ ಸಿಸ್ಟಿಸರ್ಕಸ್ ಅಂತಾರೆ. ಚರ್ಮದ ಕೆಳಗೆ ಇದ್ದದ್ದು ಮಿದುಳಿನಲ್ಲೂ ಇರಬಹುದಲ್ಲ? 1930ರ ದಶಕದಲ್ಲಿ ಅವರು ಈ ವಿಷಯ ಪ್ರಕಟಿಸಿದ ಮೇಲೆ ಸೇನಾ ವೈದ್ಯರು ಒಬ್ಬೊಬ್ಬ ರೋಗಿಯನ್ನೂ ಕರೆಸಿ ಗಂಟು ತಡವಿ ನೋಡಿದರು, ತೊಡೆಯ ಎಕ್ಸ್‌ರೇ ತೆಗೆದರು. ಸತ್ತ ಮರಿಹುಳು ವರ್ಷಗಳಾದ ಮೇಲೆ ಸುಣ್ಣಗಟ್ಟುತ್ತದೆ. ಆಗ ಎಕ್ಸ್‌ರೇಯಲ್ಲಿ ಅಕ್ಕಿಕಾಳು ಚೆಲ್ಲಿದ ಹಾಗೆ ಕಾಣುತ್ತದೆ. ಸ್ಕ್ಯಾನ್ ಇಲ್ಲದ ಕಾಲದಲ್ಲಿ ಇದ್ದ ಸಾಧನ ಇಷ್ಟೇ.

1944ರಲ್ಲಿ ಡಿಕ್ಸನ್ ಮತ್ತು ಹಾರ್‌ಗ್ರೀವ್ಸ್ 284 ರೋಗಿಗಳ ವಿವರ ಬರೆದರು. 1961ರಲ್ಲಿ ಡಿಕ್ಸನ್ ಮತ್ತು ಲಿಪ್ಸ್‌ಕೊಂಬ್ 450 ರೋಗಿಗಳ ವರದಿ ಕೊಟ್ಟರು. ಇವರಲ್ಲಿ ಹೆಚ್ಚಿನವರು ಭಾರತದಲ್ಲಿ ಕೆಲಸ ಮಾಡಿದವರು. ಹತ್ತರಲ್ಲಿ ಒಂಬತ್ತು ಜನಕ್ಕೂ ಮೀರಿ ಫಿಟ್ಸ್ ಇತ್ತು. ಸೋಂಕು ತಗುಲಿದ ಕಾಲಕ್ಕೂ ಮೊದಲ ಫಿಟ್ಸ್‌ಗೂ ನಡುವೆ ಸರಾಸರಿ ಸುಮಾರು 5 ವರ್ಷ. ಕೆಲವರಿಗೆ ವರ್ಷದೊಳಗೇ ಬಂತು, ಅಪರೂಪಕ್ಕೆ 30 ವರ್ಷ ಕಳೆದ ಮೇಲೂ ಬಂತು.

ಈ ಐದು ವರ್ಷದ ಲೆಕ್ಕ ಸಿಕ್ಕಿದ್ದು ಹೇಗೆ ಅಂತ ಸ್ವಲ್ಪ ಯೋಚನೆ ಮಾಡಿ. ಇಲ್ಲೇ ಹುಟ್ಟಿ ಇಲ್ಲೇ ಬೆಳೆದವರಿಗೆ ಸೋಂಕು ಯಾವತ್ತು ತಗುಲಿತು ಅಂತ ಯಾರು ಹೇಳಲಿಕ್ಕಾಗುತ್ತೆ? ಆದರೆ ಸಿಪಾಯಿ ಭಾರತಕ್ಕೆ ಬಂದ ದಿನ, ಬಿಟ್ಟ ದಿನ ಎರಡೂ ಸೇನೆಯ ದಾಖಲೆಯಲ್ಲಿತ್ತು. ಅವನ ಪ್ರಯಾಣವೇ ಗಡಿಯಾರ ಆಯಿತು. ಈ ಕಾಯಿಲೆ ವರ್ಷಗಟ್ಟಲೆ ಸುಮ್ಮನಿದ್ದು ಆಮೇಲೆ ತಲೆ ಎತ್ತುತ್ತೆ ಎಂದು ಜಗತ್ತಿಗೆ ತಿಳಿದದ್ದರಲ್ಲಿ ಈ ಗೋರಾ ಸಿಪಾಯಿಗಳ ಪಾಲು ದೊಡ್ಡದು.

ಹುಳು ಹೊಟ್ಟೆಯಲ್ಲಿ, ಮರಿ ತಲೆಯಲ್ಲಿ

ಇಲ್ಲಿ ತುಂಬಾ ಜನ ಗೊಂದಲ ಮಾಡಿಕೊಳ್ಳುತ್ತಾರೆ, ಹಾಗಾಗಿ ನಿಧಾನವಾಗಿ ಓದಿ.

ಹಂದಿಯ ಮಾಂಸದಲ್ಲಿ ಈ ಹುಳುವಿನ ಮರಿ ಚಿಕ್ಕ ನೀರುಗುಳ್ಳೆಯ ರೂಪದಲ್ಲಿ ಇರುತ್ತದೆ. ನೋಡಲಿಕ್ಕೆ ನೆನೆಸಿದ ಸಾಬಕ್ಕಿಯ ಹಾಗೆ. ಅಂಥ ಮಾಂಸವನ್ನು ಅರೆಬೆಂದದ್ದು ತಿಂದರೆ ಆ ಮರಿ ನಮ್ಮ ಕರುಳಿನಲ್ಲಿ ಬೆಳೆದು ಹಲವು ಅಡಿ ಉದ್ದದ ಲಾಡಿಹುಳು ಆಗುತ್ತದೆ. 1855ರಲ್ಲಿ ಜರ್ಮನಿಯ ಕುಚೆನ್‌ಮೈಸ್ಟರ್ ಎಂಬ ವೈದ್ಯ ಇದನ್ನು ಸಾಬೀತು ಮಾಡಲು ಮರಣದಂಡನೆಗೆ ಗುರಿಯಾದ ಕೈದಿಗೆ ಅವನಿಗೇ ಗೊತ್ತಿಲ್ಲದ ಹಾಗೆ ಇಂಥ ಗುಳ್ಳೆಗಳನ್ನು ತಿನ್ನಿಸಿದ್ದ. ಮರಣದಂಡನೆ ಜಾರಿಯಾದ ಮೇಲೆ ಕರುಳು ಸೀಳಿ ನೋಡಿದಾಗ ಲಾಡಿಹುಳುಗಳು ಸಿಕ್ಕವು. ವಿಜ್ಞಾನ ಗೆದ್ದಿತು ಅನ್ನಬಹುದು, ಆದರೆ ಒಬ್ಬ ಮನುಷ್ಯನನ್ನು ಹೀಗೆ ಬಳಸಿಕೊಂಡದ್ದನ್ನು ಒಪ್ಪಲು ಆಗುವುದಿಲ್ಲ.

ಹೊಟ್ಟೆಯಲ್ಲಿ ಲಾಡಿಹುಳು ಇರುವವರಿಗೆ ಅಂಥಾ ತೊಂದರೆ ಇರುವುದಿಲ್ಲ. ಎಷ್ಟೋ ಜನಕ್ಕೆ ಗೊತ್ತೇ ಆಗುವುದಿಲ್ಲ. ಆದರೆ ಅವರ ಮಲದ ಜೊತೆ ಹುಳುವಿನ ತುಂಡುಗಳು, ಬಿಳಿ ಲಾಡಿಯ ಚೂರುಗಳ ಹಾಗೆ, ಹೊರಗೆ ಬರುತ್ತವೆ. ಒಂದು ತುಂಡಿನಲ್ಲೇ ಸಾವಿರಾರು ಮೊಟ್ಟೆ. ಈ ಮೊಟ್ಟೆಗಳು ಕೈಯಿಂದಲೋ, ನೀರಿನಿಂದಲೋ, ಹಸಿ ಸೊಪ್ಪಿನಿಂದಲೋ ಇನ್ನೊಬ್ಬರ ಬಾಯಿಗೆ ಹೋದರೆ ಆಟವೇ ಬೇರೆ. ಮೊಟ್ಟೆಯೊಡೆದು ಬಂದ ಮರಿ ಕರುಳಿನ ಗೋಡೆ ತೂರಿ ರಕ್ತದಲ್ಲಿ ಸೇರಿ ಸ್ನಾಯು, ಕಣ್ಣು, ಮಿದುಳು ಎಲ್ಲಿಗೆ ಬೇಕಾದರೂ ಹೋಗಿ ಗುಳ್ಳೆಯಾಗಿ ಕೂರುತ್ತದೆ. ಮಿದುಳಿನಲ್ಲಿ ಕೂತರೆ ಅದೇ ನ್ಯೂರೋಸಿಸ್ಟಿಸರ್ಕೋಸಿಸ್. ಮರಿ ಜೀವಂತ ಇರುವಾಗ ಮೈ ಅದನ್ನು ಗುರುತಿಸದ ಹಾಗೆ ಅಡಗಿರುತ್ತದೆ. ಅದು ಸಾಯತೊಡಗಿದಾಗ ಸುತ್ತ ಊತ ಬರುತ್ತದೆ, ಫಿಟ್ಸ್ ಸಾಮಾನ್ಯವಾಗಿ ಆಗ ಬರುತ್ತದೆ. ವರ್ಷಗಟ್ಟಲೆ ತಡ ಆಗೋದು ಇದಕ್ಕೇ.

ಅಂದರೆ ಹಂದಿ ಮಾಂಸ ತಿಂದವರಿಗೆ ಬರುವುದು ಹೊಟ್ಟೆಯ ಹುಳು. ತಲೆಯ ಗುಳ್ಳೆ ಬರುವುದು ಆ ಹುಳುವಿನ ಮೊಟ್ಟೆ ನುಂಗಿದವರಿಗೆ, ಅವರು ಹಂದಿಯನ್ನು ಕಣ್ಣಲ್ಲೂ ನೋಡಿರದಿದ್ದರೂ ಸರಿ. ಆ 450 ಜನರಲ್ಲಿ ಲಾಡಿಹುಳು ಇದ್ದ ನೆನಪು ಸುಮಾರು ನಾಲ್ಕರಲ್ಲಿ ಒಬ್ಬರಿಗೆ ಮಾತ್ರ. ಉಳಿದವರಿಗೆ ಬೇರೆಯವರ ಹೊಟ್ಟೆಯ ಹುಳುವಿನಿಂದಲೇ ಬಂದಿರಬೇಕು.

"ನಾವು ಸಸ್ಯಾಹಾರಿಗಳು, ನಮಗೆ ಹೇಗೆ ಬರುತ್ತೆ?" ಅಂತ ಕೇಳುವವರಿಗೆ ನ್ಯೂಯಾರ್ಕಿನ ಉದಾಹರಣೆ ಇದೆ. ಅಲ್ಲಿನ ಕಟ್ಟಾ ಯೆಹೂದಿ ಸಮುದಾಯದ ನಾಲ್ವರಿಗೆ ಫಿಟ್ಸ್ ಬಂದು, ಮಿದುಳಿನಲ್ಲಿ ಇದೇ ಗುಳ್ಳೆ ಕಂಡಿತು. ಧರ್ಮದ ಪ್ರಕಾರ ಹಂದಿ ಮುಟ್ಟದ ಜನ ಅವರು. ತನಿಖೆ ಮಾಡಿದ ವೈದ್ಯರು ರೋಗಿಗಳ ತಟ್ಟೆ ಬಿಟ್ಟು ಅಡುಗೆಮನೆ ನೋಡಿದರು. ಮನೆಯವರ ರಕ್ತ ಪರೀಕ್ಷಿಸಿದಾಗ ಇನ್ನೂ ಕೆಲವರಲ್ಲಿ ಸೋಂಕಿನ ಗುರುತು ಸಿಕ್ಕಿತು. ಆ ಮನೆಗಳಲ್ಲಿ ಕೆಲಸ ಮಾಡುತ್ತಿದ್ದ ಆರು ಮಹಿಳೆಯರನ್ನು ಪರೀಕ್ಷಿಸಿದಾಗ ಒಬ್ಬರ ಹೊಟ್ಟೆಯಲ್ಲಿ ಲಾಡಿಹುಳು ಇತ್ತು, ಇನ್ನೊಬ್ಬರ ರಕ್ತದಲ್ಲಿ ಸೋಂಕಿನ ಗುರುತು ಇತ್ತು. ಅವರು ಈ ರೋಗ ಹೆಚ್ಚಿರುವ ಲ್ಯಾಟಿನ್ ಅಮೆರಿಕದ ದೇಶಗಳಿಂದ ಬಂದವರು. ಈ ವರದಿ 1992ರಲ್ಲಿ ಪ್ರಕಟವಾಯಿತು.

ಈ ಉದಾಹರಣೆ ಕೊಡುವಾಗ ನನಗೆ ಸ್ವಲ್ಪ ಅಳುಕು. ಇಂದಿರಾನಗರದ ಮನೆಗಳಲ್ಲಿ ಅಡುಗೆ, ಪಾತ್ರೆ ಕೆಲಸಕ್ಕೆ ಹೋಗುವ ನಮ್ಮ ಸಂಘಗಳ ಅಕ್ಕತಂಗಿಯರು ಇದನ್ನು ಓದುತ್ತಾರೆ, ಅವರನ್ನು ಕೆಲಸಕ್ಕಿಟ್ಟುಕೊಂಡ ಅಮ್ಮಂದಿರೂ ಓದಬಹುದು. ಲಾಡಿಹುಳು ಇರುವವರು ಅಪರಾಧಿಗಳಲ್ಲ, ಮೊದಲ ರೋಗಿಗಳು. ಅವರ ಮಿದುಳಿಗೂ ಅದೇ ಅಪಾಯ ಇದೆ, ಏಕೆಂದರೆ ತಮ್ಮ ಕೈಯಿಂದಲೇ ತಮ್ಮ ಬಾಯಿಗೆ ಮೊಟ್ಟೆ ಹೋಗಬಹುದು. ಮಲ ಪರೀಕ್ಷೆ ಮಾಡಿಸಿ, ಹುಳು ಇದ್ದರೆ ಡಾಕ್ಟರು ಕೊಡುವ ಮಾತ್ರೆಯಿಂದ ಅದು ಹೋಗುತ್ತದೆ, ಬಹುಪಾಲು ಒಂದೇ ಸಲದ ಡೋಸು. ಇದಕ್ಕಾಗಿ ಕೆಲಸದಿಂದ ತೆಗೆಯುವುದು ಅನ್ಯಾಯವೂ ಹೌದು, ದಡ್ಡತನವೂ ಹೌದು. ಮಾತ್ರೆ ಕೊಡಿಸಿದರೆ ಎರಡು ಮನೆ ಉಳಿಯುತ್ತವೆ. ಇನ್ನು ಕೈ ತೊಳೆಯಿರಿ ಅಂತ ಹೇಳುವುದು ಸುಲಭ. ನಲ್ಲಿ ನೀರು ವಾರಕ್ಕೆ ಎರಡು ಸಲ ಬರುವ ಸಾಲುಮನೆಗಳಲ್ಲಿ, ಹತ್ತು ಮನೆಗೆ ಒಂದು ಕಕ್ಕಸು ಇರುವ ಕಡೆ, ಸೋಪಿಗಿಂತ ಮುಂಚೆ ನೀರು ಕೇಳಬೇಕಾಗುತ್ತದೆ.

ಟಿ.ಬಿ. ಅಂತ ತಿಳಿದದ್ದು

ನಮ್ಮ ದೇಶದಲ್ಲಿ ಇನ್ನೊಂದು ತಿರುವು ಇತ್ತು. 1980ರ ದಶಕದಲ್ಲಿ ಸಿ.ಟಿ. ಸ್ಕ್ಯಾನ್ ಬಂದ ಮೇಲೆ ಫಿಟ್ಸ್ ಬಂದ ಎಷ್ಟೋ ಜನರ ಮಿದುಳಿನಲ್ಲಿ ಒಂದೇ ಒಂದು ಚಿಕ್ಕ ಉಂಗುರದಂಥ ಕಲೆ ಕಾಣತೊಡಗಿತು. ನಮ್ಮಲ್ಲಿ ಟಿ.ಬಿ. ಜಾಸ್ತಿ. ಹಾಗಾಗಿ ಇದು ಮಿದುಳಿನ ಟಿ.ಬಿ. ಗಂಟೇ ಇರಬೇಕು ಅಂತ ಟಿ.ಬಿ. ಮಾತ್ರೆ ಕೊಡುತ್ತಿದ್ದರು. ಕೆಲವು ತಿಂಗಳಲ್ಲಿ ಕಲೆ ಮಾಯವಾಗುತ್ತಿತ್ತು, ಔಷಧಿ ಕೆಲಸ ಮಾಡಿತು ಅಂತ ಎಲ್ಲರಿಗೂ ಸಮಾಧಾನ. ಆದರೆ ಔಷಧಿ ಕೊಡದೇ ಇದ್ದವರಲ್ಲೂ ಅದು ಮಾಯವಾಗುತ್ತಿತ್ತು! ವೆಲ್ಲೂರಿನ ಸಿ.ಎಂ.ಸಿ. ಆಸ್ಪತ್ರೆಯ ಮ್ಯಾಥ್ಯೂ ಚಾಂಡಿ, ವೇದಾಂತಂ ರಾಜಶೇಖರ್ ಮತ್ತು ಜೊತೆಯವರು ಇಂಥ ಕಲೆಗಳನ್ನು ಶಸ್ತ್ರಚಿಕಿತ್ಸೆಯಿಂದ ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಿದರು. ಹೆಚ್ಚಿನವು ಸಾಯುತ್ತಿರುವ ಸಿಸ್ಟಿಸರ್ಕಸ್! 1989ರಲ್ಲಿ ಅದನ್ನು ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟಿಸಿದರು. ಬೇಡದ ಟಿ.ಬಿ. ಮಾತ್ರೆಯಿಂದ, ಬೇಡದ ತಲೆ ಆಪರೇಷನ್ನಿನಿಂದ ಎಷ್ಟು ಜನ ತಪ್ಪಿಸಿಕೊಂಡರು ಅಂತ ನೆನೆದರೆ ಆ ಒಂದು ಕೆಲಸದ ಬೆಲೆ ಗೊತ್ತಾಗುತ್ತೆ. ಕಂಟೋನ್ಮೆಂಟ್ ಸ್ಟೇಷನ್ನಿನಿಂದ ಕಾಟ್ಪಾಡಿಗೆ ರೈಲು ಹತ್ತುವ ನಮ್ಮವರಿಗೆ ವೆಲ್ಲೂರು ದೂರದ ಊರೇನಲ್ಲ.

ಹಾಗಂತ ಪ್ರತಿ ಉಂಗುರದ ಕಲೆಯೂ ಹುಳುವೇ ಅಂತಲ್ಲ. ಟಿ.ಬಿ. ಗಂಟೂ ಇರಬಹುದು, ಬೇರೆಯದೂ ಇರಬಹುದು. ಕಲೆಯ ಗಾತ್ರ, ಸುತ್ತಲ ಊತ, ಗುಳ್ಳೆಯೊಳಗೆ ಚುಕ್ಕೆಯಂತೆ ಕಾಣುವ ಹುಳುವಿನ ತಲೆ ಇವನ್ನೆಲ್ಲ ಎಂ.ಆರ್.ಐ.ಯಲ್ಲಿ ನೋಡಿ, ಬೇಕಿದ್ದರೆ ರಕ್ತ ಪರೀಕ್ಷೆ ಸೇರಿಸಿ ನರರೋಗ ತಜ್ಞರು ತೀರ್ಮಾನಿಸುತ್ತಾರೆ. ಒಂದೇ ಗುಳ್ಳೆ ಇದ್ದಾಗ ರಕ್ತ ಪರೀಕ್ಷೆಯಲ್ಲಿ ಏನೂ ಕಾಣದೇ ಇರುವುದುಂಟು.

ಬೆಂಗಳೂರಿನಲ್ಲಿ ಫಿಟ್ಸ್ ಎಷ್ಟು ಜನಕ್ಕಿದೆ? ನಿಮ್ಹಾನ್ಸ್‌ನ ಡಾ. ಗೌರಿದೇವಿ ಮತ್ತು ಸಂಗಡಿಗರು ನಗರ ಮತ್ತು ಸುತ್ತಲ ಹಳ್ಳಿಗಳ ಒಂದು ಲಕ್ಷಕ್ಕೂ ಮೀರಿದ ಜನರನ್ನು ಮನೆಮನೆಗೆ ಹೋಗಿ ವಿಚಾರಿಸಿ 2004ರಲ್ಲಿ ಪ್ರಕಟಿಸಿದ ಲೆಕ್ಕದ ಪ್ರಕಾರ ಸಾವಿರಕ್ಕೆ ಸುಮಾರು 9. ನಗರದಲ್ಲಿ 6ರ ಹತ್ತಿರ, ಹಳ್ಳಿಗಳಲ್ಲಿ ಅದರ ಎರಡರಷ್ಟು. ಇವೆಲ್ಲಾ ಹುಳುವಿನಿಂದ ಬಂದದ್ದಲ್ಲ. ಆದರೆ ಹಂದಿಗಳು ಬೀದಿಯಲ್ಲಿ ತಿರುಗಿಕೊಂಡು ಜನರ ಜೊತೆಯಲ್ಲೇ ಇರುವ ಪ್ರದೇಶಗಳಲ್ಲಿ ನೂರಕ್ಕೆ 30ರಷ್ಟು ಮೂರ್ಛೆರೋಗಕ್ಕೆ ಈ ಹುಳುವೇ ಕಾರಣ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ.

ಡಾಕ್ಟರ ಹತ್ತಿರ ಹೋಗುವ ಮುಂಚೆ

ಯಾತ್ರೆಯಿಂದ, ಹುಟ್ಟೂರಿನಿಂದ, ಗಲ್ಫ್‌ನಿಂದ ಬಂದವರಿಗೆ ಕಾಯಿಲೆ ಆದರೆ ಮೊದಲ ಪ್ರಶ್ನೆ: ಎಷ್ಟು ದಿನಕ್ಕೆ ಬಂತು? ವೇಲಾಂಗಣ್ಣಿಗೆ ಒಂದೇ ಬಸ್ಸಿನಲ್ಲಿ ಹೋದ ಹತ್ತಾರು ಜನಕ್ಕೆ ಮಾರನೇ ದಿನವೇ ವಾಂತಿ ಭೇದಿ ಅಂದರೆ ಅದು ಕೆಟ್ಟ ಊಟ. ಒಂದೆರಡು ವಾರ ಕಳೆದು ಹೊಟ್ಟೆ ಉಬ್ಬರ, ವಾಸನೆಯ ಭೇದಿ ಶುರುವಾಗಿ ನಿಲ್ಲದೇ ಹೋದರೆ ಜಿಯಾರ್ಡಿಯಾದಂಥ ಪರಾವಲಂಬಿ ಜೀವಿ ಇರಬಹುದು. ಆಗ ಕಾಯಿಲೆ ಆದವರನ್ನಷ್ಟೇ ಕೇಳಿದರೆ ಸಾಲದು, ಆರೋಗ್ಯವಾಗಿ ಇರುವವರನ್ನೂ ಕೇಳಬೇಕು. ಎಲ್ಲರೂ ಅನ್ನ ಸಾರು ತಿಂದಿದ್ದಾರೆ, ಆದರೆ ಕಾಯಿಲೆ ಆದವರು ಮಾತ್ರ ರಸ್ತೆ ಬದಿಯ ಐಸ್ ಹಾಕಿದ ಜ್ಯೂಸ್ ಕುಡಿದಿದ್ದಾರೆ ಅಂದರೆ ಅನುಮಾನ ಎಲ್ಲಿಗೆ ಹೋಗಬೇಕು ಅಂತ ನಿಮಗೇ ಗೊತ್ತಾಗುತ್ತೆ.

ಹೀಗೆ ಕೇಳಿಕೊಂಡು ಹೋಗಿಯೇ 2011ರಲ್ಲಿ ಮಲೇಷ್ಯಾದ ತಿಯೋಮಾನ್ ದ್ವೀಪದ ಗುಟ್ಟು ಹೊರಬಿತ್ತು. ಅಲ್ಲಿ ರಜೆ ಕಳೆದು ಯುರೋಪಿಗೆ ಮರಳಿದವರಿಗೆ ಜ್ವರ, ವಿಪರೀತ ಮೈಕೈ ನೋವು. ಒಬ್ಬೊಬ್ಬ ಡಾಕ್ಟರಿಗೆ ಒಬ್ಬಿಬ್ಬರೇ ರೋಗಿ, ಏನೂ ತಿಳಿಯದು. ಪ್ರವಾಸಿಗಳ ಕಾಯಿಲೆ ನೋಡುವ ಕ್ಲಿನಿಕ್ಕುಗಳು ಜಿಯೋಸೆಂಟಿನೆಲ್ ಎಂಬ ಜಾಲದ ಮೂಲಕ ಮಾಹಿತಿ ಹಂಚಿಕೊಂಡಾಗ ಎಲ್ಲರೂ ಅದೇ ದ್ವೀಪಕ್ಕೆ ಹೋದವರು ಅಂತ ಗೊತ್ತಾಯಿತು. ಸ್ನಾಯುವಿನ ಚೂರು ತೆಗೆದು ನೋಡಿದಾಗ ಸಾರ್ಕೋಸಿಸ್ಟಿಸ್ ಎಂಬ ಪರಾವಲಂಬಿ ಸಿಕ್ಕಿತು. ಕೊನೆಗೆ 68 ಜನ ಲೆಕ್ಕಕ್ಕೆ ಬಂದರು.

ಫಿಟ್ಸ್ ವಿಷಯದಲ್ಲಿ ಮಾತ್ರ ಹೋದ ತಿಂಗಳ ಪ್ರಯಾಣ ಹೇಳಿದರೆ ಸಾಲದು. ಹತ್ತು ವರ್ಷ ಹಿಂದಕ್ಕೆ ಹೋಗಿ. ಎಲ್ಲೆಲ್ಲಿ ಇದ್ದಿರಿ, ಯಾವ ಹಾಸ್ಟೆಲ್, ಯಾವ ಮೆಸ್ಸು, ಯಾವ ಲೇಬರ್ ಕ್ಯಾಂಪು ಅಂತ ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಕೆ.ಆರ್. ಪುರದ ಶೆಡ್ಡುಗಳಲ್ಲಿ ಒಟ್ಟಿಗೆ ಅಡುಗೆ ಮಾಡಿಕೊಂಡು ಇರುವ ಕಟ್ಟಡ ಕೆಲಸದ ಹುಡುಗರಿಗೆ ಇದನ್ನು ಬರೆದುಕೊಡುವವರು ಬೇಕಾಗುತ್ತೆ, ನಮ್ಮ ಕಾರ್ಯಕರ್ತರು ಈ ಕೆಲಸ ಮಾಡಬಹುದು. ಒಂದೇ ಪಾತ್ರೆಯಲ್ಲಿ ಉಂಡವರಲ್ಲಿ ಇನ್ಯಾರಿಗಾದರೂ ಫಿಟ್ಸ್ ಇದೆಯಾ? ಯಾರಾದರೂ ಮಲದಲ್ಲಿ ಬಿಳಿ ಚೂರು ಕಂಡದ್ದುಂಟಾ? ಇದನ್ನು ಕೇಳಲು ಸಂಕೋಚ, ಹೇಳಲು ಇನ್ನೂ ಸಂಕೋಚ, ಆದರೆ ಡಾಕ್ಟರಿಗೆ ಇದಕ್ಕಿಂತ ಒಳ್ಳೆಯ ಸುಳಿವು ಇಲ್ಲ. ಮೈಮೇಲೆ ಗಂಟು ಇದೆಯಾ, ಮನೆಯಲ್ಲಿ ಯಾರಿಗಾದರೂ ಟಿ.ಬಿ. ಇತ್ತಾ, ಈಚೆಗೆ ಹುಳುವಿನ ಮಾತ್ರೆ ನುಂಗಿದ್ದೀರಾ ಅನ್ನೋದೂ ಆ ಹಾಳೆಯಲ್ಲಿರಲಿ. ಮನೆಯವರೆಲ್ಲರ ಮಲ ಪರೀಕ್ಷೆ ಮಾಡಿಸಬೇಕಾ ಅಂತ ಡಾಕ್ಟರನ್ನು ನೀವೇ ಕೇಳಿ. ರೋಗಿಗೆ ಔಷಧಿ ಕೊಟ್ಟು, ಮೊಟ್ಟೆ ಹಾಕುತ್ತಿರುವ ಹುಳುವನ್ನು ಅದೇ ಮನೆಯಲ್ಲಿ ಬಿಟ್ಟರೆ ಏನು ಪ್ರಯೋಜನ?

ಒಂದು ಎಚ್ಚರಿಕೆ. ಶಾಲೆಗಳಲ್ಲಿ ಮಕ್ಕಳಿಗೆ ಕೊಡುವ ಆಲ್ಬೆಂಡಜೋಲ್ ಮಾತ್ರೆ ಒಳ್ಳೆಯದೇ, ಕೊಡಿಸಿ. ಆದರೆ ಫಿಟ್ಸ್ ಇರುವವರು ಅದನ್ನೇ ಮೆಡಿಕಲ್ ಶಾಪಿನಿಂದ ತಂದು ತಾವಾಗಿಯೇ ನುಂಗಬಾರದು. ಮಿದುಳಿನಲ್ಲಿರುವ ಗುಳ್ಳೆಗಳು ಒಟ್ಟಿಗೆ ಸತ್ತರೆ ಊತ ಹೆಚ್ಚಾಗಿ ಫಿಟ್ಸ್ ಜೋರಾಗಬಹುದು. ಅದಕ್ಕೇ ಡಾಕ್ಟರು ಊತ ಇಳಿಸುವ ಔಷಧಿಯನ್ನೂ ಜೊತೆಗೆ ಕೊಡುತ್ತಾರೆ. ಹಾಗೆಯೇ ಫಿಟ್ಸ್ ಮಾತ್ರೆಯನ್ನು, ಚೆನ್ನಾಗಿದ್ದೀನಿ ಅಂತ ನಡುವೆ ನಿಲ್ಲಿಸಬೇಡಿ.

ಹಂದಿ ಮಾಂಸ ಬಿಡಬೇಕಾ? ಬೇಡ. ಕೊಡಗಿನ ಪಂದಿ ಕರಿಯಾಗಲಿ, ಮಂಗಳೂರಿನವರ ದುಕ್ರಾಮಾಸ್ ಆಗಲಿ ಚೆನ್ನಾಗಿ ಬೆಂದರೆ ಗುಳ್ಳೆ ಉಳಿಯುವುದಿಲ್ಲ. ತುಂಡಿನ ಒಳಗೆ ಕೆಂಪು ಉಳಿಯಬಾರದು, ಅಷ್ಟೇ. ಬೀದಿ ಹಂದಿ ಕಡಿದ ಮಾಂಸ ಅಗ್ಗಕ್ಕೆ ಸಿಕ್ಕರೂ ಬೇಡ. ಬಿಳಿ ಗುಳ್ಳೆ ಕಂಡ ಮಾಂಸ ಬೇಡವೇ ಬೇಡ. ಆದರೆ ನನ್ನ ಮಟ್ಟಿಗೆ ಮಾಂಸಕ್ಕಿಂತ ಹೆಚ್ಚಿನ ಚಿಂತೆ ಹಸಿ ಸೊಪ್ಪಿನದು. ಕೊತ್ತಂಬರಿ, ಪುದೀನ, ಸಲಾಡಿನ ಈರುಳ್ಳಿ, ಮೂಲಂಗಿ ಇವು ಯಾವ ನೀರಿನಲ್ಲಿ ಬೆಳೆದವೋ, ಯಾವ ಮೋರಿಯ ಪಕ್ಕ ತೊಳೆದವೋ ಯಾರಿಗೆ ಗೊತ್ತು? ಬೇರಿನ ಮಣ್ಣು ಕತ್ತರಿಸಿ ತೆಗೆದು, ಹರಿಯುವ ನೀರಿನಲ್ಲಿ ಎಲೆ ಎಲೆ ಬಿಡಿಸಿ ತೊಳೆಯಿರಿ. ಮೊಟ್ಟೆ ಕಣ್ಣಿಗೆ ಕಾಣುವುದಿಲ್ಲ. ಅನುಮಾನ ಇದ್ದರೆ ಬೇಯಿಸಿಯೇ ತಿನ್ನಿ.

ಹಂದಿ ಸಾಕುವವರಿಗೂ ಒಂದು ಮಾತು: ಹಂದಿಗೆ ಈ ರೋಗ ಬರುವುದು ಮನುಷ್ಯರ ಮಲ ತಿನ್ನುವುದರಿಂದ. ಗೂಡಿನಲ್ಲಿ ಕೂಡಿ ಸಾಕಿದ ಹಂದಿಗೆ ಆ ಭಯ ಕಡಿಮೆ. ಹಂದಿಗಳಿಗೆ ಇದರ ವಿರುದ್ಧ ಲಸಿಕೆಯೂ ಇದೆ. ಆಸ್ಟ್ರೇಲಿಯಾದ ವಿಜ್ಞಾನಿಗಳು ಕಂಡುಹಿಡಿದದ್ದನ್ನು ಹೈದರಾಬಾದಿನ ಇಂಡಿಯನ್ ಇಮ್ಯುನಾಲಜಿಕಲ್ಸ್ ತಯಾರಿಸುತ್ತದೆ. ಪಶುವೈದ್ಯರನ್ನು ವಿಚಾರಿಸಿ.

ಕೊನೆಗೆ ಆ ಬೀಗದ ಕೈ. ಫಿಟ್ಸ್ ಬಂದವರ ಕೈಗೆ ಕಬ್ಬಿಣ ಬೇಡ, ಮೂಗಿಗೆ ಈರುಳ್ಳಿ ಬೇಡ, ಬಾಯಿಗೆ ಚಮಚ, ನೀರು ಏನೂ ಬೇಡ. ಪಕ್ಕಕ್ಕೆ ಹೊರಳಿಸಿ ಮಲಗಿಸಿ, ತಲೆಯ ಕೆಳಗೆ ಮೆತ್ತನೆ ಬಟ್ಟೆ ಇಡಿ, ಕತ್ತಿನ ಗುಂಡಿ ಸಡಿಲಿಸಿ, ಗಡಿಯಾರ ನೋಡಿ. ಐದು ನಿಮಿಷ ದಾಟಿದರೆ ಅಥವಾ ಎಚ್ಚರ ಬರುವ ಮುಂಚೆ ಮತ್ತೊಂದು ಬಂದರೆ 108ಕ್ಕೆ ಫೋನ್ ಮಾಡಿ. ಮೊದಲ ಸಲ ಬಂದದ್ದಾದರೆ ತಾನಾಗಿಯೇ ನಿಂತರೂ ಅದೇ ದಿನ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಶಿವಾಜಿನಗರದವರಿಗೆ ಬೌರಿಂಗ್, ಇಂದಿರಾನಗರ ಹಲಸೂರಿನವರಿಗೆ ಸರ್ ಸಿ.ವಿ. ರಾಮನ್ ಸರ್ಕಾರಿ ಆಸ್ಪತ್ರೆ ಹತ್ತಿರ. ನರರೋಗ ತಜ್ಞರು ಬೇಕಾದರೆ ಅಲ್ಲಿಂದ ಚೀಟಿ ಬರೆಸಿಕೊಂಡು ನಿಮ್ಹಾನ್ಸ್‌ಗೆ ಹೋಗಬಹುದು. ಹೋಗುವಾಗ ನಿಮ್ಮ ಆ ಹಾಳೆ, ಹಳೆಯ ಸ್ಕ್ಯಾನ್ ಇದ್ದರೆ ಅದು, ಮತ್ತು ಫಿಟ್ಸ್ ಬಂದಾಗ ಕಣ್ಣಾರೆ ನೋಡಿದ ಒಬ್ಬರು ಜೊತೆಯಲ್ಲಿರಲಿ.